ಟೇಲರ್‌ಗೆ ಮುಟ್ಟದ ಸುದ್ದಿ

ಕಳೆದ ವಾರ ಹರಪನಹಳ್ಳಿಯಲ್ಲಿ ನನ್ನ ಹೆಂಡತಿ ಬದುಕಿದ್ದಳು.

ಕೊಟ್ಟೂರಿನ ನಮ್ಮ ಮನೆಯಲ್ಲಿ ಗಿರಿಜಾ ತೀರಿಕೊಂಡದ್ದು ಸಂಕ್ರಾಂತಿಗೆ ಮೊದಲು. ಸುದ್ದಿ ಎಲ್ಲರಿಗೂ ಮುಟ್ಟಿಸಿದ್ದೆವು. ಬೀಗರು, ನೆಂಟರು, ಓಣಿಯವರು, ಕಾಲೇಜಿನ ವಾಟ್ಸಾಪ್ ಗ್ರೂಪು, ಯಾರನ್ನೂ ಬಿಟ್ಟಿರಲಿಲ್ಲ. ಆದರೆ ಸಾವಿನ ಸುದ್ದಿಯನ್ನು ಟೇಲರ್‌ಗೆ ಫೋನ್ ಮಾಡಿ ಹೇಳುವವರು ಯಾರಾದರೂ ಇದ್ದಾರೆಯೇ?

(ಕೊಟ್ಟೂರಿನಲ್ಲಿ ಟೇಲರ್‌ಗಳಿಲ್ಲವೇ ಎಂದು ಕೇಳಬೇಡಿ. ಮದುವೆಯಾದಾಗಿನಿಂದ ನಾನೇ ಕೇಳಿದ್ದೇನೆ. ‘ಅವರಿಗೆ ತೋಳು ಕೂಡಿಸಾಕ ಬರಂಗಿಲ್ಲ’ ಎಂಬುದೊಂದೇ ಗಿರಿಜಾಳ ಉತ್ತರ. ಬಸ್ ಹತ್ತಿ ಹರಪನಹಳ್ಳಿಗೇ ಹೋಗುತ್ತಿದ್ದಳು.)

ನಾನು ಕಂಪ್ಯೂಟರ್ ಪಾಠ ಹೇಳುವವನು. ಈ ಸಲ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಎಂಬ ಹೊಸ ಪೇಪರ್ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಓದುವಾಗ ಇದಿರಲಿಲ್ಲ. ಹಾಗಾಗಿ ಬೆಳಗ್ಗೆ ಒಬ್ಬನೇ ಚಹಾ ಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಹೊತ್ತು ಹೋಗುತ್ತದೆ. ಖಾಲಿ ಮನೆಯಲ್ಲಿ ಹೊತ್ತು ಹೋಗುವುದೇ ದೊಡ್ಡದು.

ವಿಷಯ ಸರಳ. ಒಂದೇ ಮಾಹಿತಿಯ ಪ್ರತಿಗಳನ್ನು ಬೇರೆ ಬೇರೆ ಊರಿನ ಮಷೀನ್‌ಗಳಲ್ಲಿ ಇಟ್ಟಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಆದರೆ ನಡುವಿನ ಲೈನ್ ಕಡಿದರೆ? ಇಲ್ಲಿ ಬದಲಾದದ್ದು ಅಲ್ಲಿಗೆ ತಿಳಿಯುವುದಿಲ್ಲ. ಆಗ ‘ಖಾತ್ರಿ ಇಲ್ಲ, ತಡಿ’ ಎಂದು ಬಾಯಿ ಮುಚ್ಚಿಕೊಂಡಿರಬೇಕು. ಇಲ್ಲವೇ ಕೈಯಲ್ಲಿರುವ ಹಳೆಯ ಉತ್ತರವನ್ನೇ ಕೊಟ್ಟುಬಿಡಬೇಕು. ಎರಡರಲ್ಲಿ ಒಂದನ್ನು ಬಿಡಲೇಬೇಕು.

ಇಟ್ಟಿಗಿ ಊರಿನ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಎದ್ದು ನಿಂತಳು. ‘ಸುಳ್ಳು ಹೇಳೋ ಮಷೀನಿಗಿಂತ ಸುಮ್ನಿರೋದು ಚಲೋ ಅಲ್ಲೇನ್ರಿ ಸರ್?’

ಚಲೋ ಎಂದೆ. ಬ್ಯಾಂಕಿನಂಥ ಕಡೆ ಅದೇ ಸರಿ ಎಂದು ಬೋರ್ಡಿನ ಮೇಲೆ ಬರೆದೂಬಿಟ್ಟೆ.

ಮರುದಿನ ಪರೀಕ್ಷೆಯ ಕೆಲಸಕ್ಕೆ ಹರಪನಹಳ್ಳಿಗೆ ಹೋಗಿದ್ದೆ. ವಾಪಸ್ ಬಸ್‌ಸ್ಟ್ಯಾಂಡಿಗೆ ಬರುವಾಗ ಗಿರಿಜಾಳ ಟೇಲರ್ ಸಾಬರು ಅಂಗಡಿಯಿಂದಲೇ ಕೂಗಿದರು.

‘ಸರ್, ಬರ್ರಿ ಬರ್ರಿ! ಅಕ್ಕಾರು ಹೆಂಗದಾರ್ರಿ? ತೋಳು ಎಷ್ಟು ಇಡಬೇಕಂತ ಆಮ್ಯಾಲೆ ಹೇಳ್ತೀನಿ ಅಂದು ಹೋದೋರು ಬರ್ಲೇ ಇಲ್ಲ. ನನ್ ಮ್ಯಾಲೆ ಸಿಟ್ಟಾಗ್ಯಾರೇನು?’

ಅವರ ಕೈಯಲ್ಲಿ ಹಸಿರು ಜಂಪರ್. ರವಿಕೆಗೆ ತೋಳಷ್ಟೇ ಬಾಕಿ.

ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ‘ಆರಾಮ ಅದಾಳ’ ಎಂಬ ಮಾತು ಬಂತು.

‘ಹಂಗಾರ ಈಗಾ ಒಂದು ಫೋನ್ ಹಚ್ಚಿ ಕೇಳ್ರಿ ಸರ್. ಮೊಣಕೈತನಕ ಇಡ್ಲೋ, ಗಿಡ್ಡ ಮಾಡ್ಲೋ?’

ಫೋನ್ ಜೇಬಿನಲ್ಲೇ ಇತ್ತು. ಅವಳ ನಂಬರನ್ನು ನಾನಿನ್ನೂ ಅಳಿಸಿಲ್ಲ.

‘ಮೊಣಕೈತನಕ ಇರ್ಲಿ’ ಎಂದೆ. ಅವಳು ಹಾಕುತ್ತಿದ್ದದ್ದು ಹಾಗೇ.

‘ಮುಂದಿನ ವಾರ ಅಕ್ಕಾರನ್ನ ಕಳಸ್ರಿ. ಹಾಕಿ ನೋಡಿದ್ರ ಫಿಟಿಂಗ್ ತಿಳಿತೈತಿ.’

‘ಕಳಸ್ತೀನಿ.’

ಬಸ್ಸಿನಲ್ಲಿ ಅತ್ತುಬಿಟ್ಟೆ. ಸುಳ್ಳು ಹೇಳಿದ ನಾಚಿಕೆಗಲ್ಲ. ನಮ್ಮೂರಿನಲ್ಲಿ ಈಗ ಯಾರೂ ನನ್ನ ಮುಂದೆ ಅವಳ ಹೆಸರೆತ್ತುವುದಿಲ್ಲ. ನನಗೆ ನೋವಾದೀತೆಂಬ ಅಂಜಿಕೆ. ಒಳ್ಳೆಯವರೇ, ಆದರೆ ಅವರ ಈ ಒಳ್ಳೆಯತನ ನನಗೆ ಸಾಕಾಗಿದೆ. ಅವಳಿಗೆ ಸಿಟ್ಟು ಬಂದಿದೆಯೇ ಎಂದು ವಿಚಾರಿಸುವ ಜಾಗ ಆ ಅಂಗಡಿಯೊಂದೇ ಉಳಿದಿತ್ತು.

ಆದರೆ ಸಾಬರು ಈ ವಾರ ಅವಳ ದಾರಿ ನೋಡುತ್ತಾರಲ್ಲ? ಪಾಪದ ಮನುಷ್ಯನನ್ನು ಹಾಗೆ ಕಾಯಿಸಬಾರದು. ಎದುರು ನಿಂತು ಹೇಳುವುದು ನನ್ನಿಂದಾಗದು. ಈ ಪತ್ರಿಕೆ ಹರಪನಹಳ್ಳಿಯ ಅವರ ಅಂಗಡಿಗೂ ಹೋಗುತ್ತದೆ, ಅದಕ್ಕೇ ಇದನ್ನು ಬರೆದೆ.

ಇವತ್ತು ಅವರು ಓದುತ್ತಾರೆ. ನಾಳೆಯಿಂದ ಗಿರಿಜಾ ಹೇಗಿದ್ದಾಳೆ ಎಂದು ನನ್ನನ್ನು ಯಾರು ಕೇಳುತ್ತಾರೆ?