ಕಡಲಲ್ಲಿ ತೇಲಿದ ಗದ್ದೆಯ ಹುಳ

ಅರವತ್ತರ ದಶಕದಲ್ಲಿ ನಾನು ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಮ್ಮ ಹೆಡ್ಮಾಸ್ಟರು ಬಿ.ಎಸ್ಸಿ. ಓದಿದವರು. ಮಳೆ ಯಾವಾಗ ಬಿಡುತ್ತದೆಂದು ಜನ ಅವರನ್ನು ಕೇಳುತ್ತಿದ್ದರು, ಅವರು ಸಂಕೋಚವಿಲ್ಲದೆ ಹೇಳುತ್ತಿದ್ದರು. ಮಳೆ ಮಾತ್ರ ಬಿ.ಎಸ್ಸಿ. ಓದಿರಲಿಲ್ಲ.

ಒಂದು ದೀಪಾವಳಿ ರಜೆಯಲ್ಲಿ ಅವರು ನನ್ನನ್ನು ಕಟ್ಟಿಕೊಂಡು ಸಾಗರದಲ್ಲಿ ಬಸ್ಸು ಹತ್ತಿ ಹೊನ್ನಾವರಕ್ಕೆ ಸಮುದ್ರ ನೋಡಲು ಹೊರಟರು. ಸಾಗರವೆಂಬ ಊರಲ್ಲೇ ಸಮುದ್ರ ಇಲ್ಲದಿರುವುದು ಸರಕಾರದ ತಪ್ಪೆಂಬಂತೆ ದಾರಿಯುದ್ದಕ್ಕೂ ಗೊಣಗಿದರು.

ಮರುದಿನ ಬೆಳಿಗ್ಗೆ ಮೀನುಗಾರನೊಬ್ಬನ ದೋಣಿಯಲ್ಲಿ ದಡದಿಂದ ಸಾಕಷ್ಟು ದೂರ ಹೋದೆವು. ನೀರಿನ ಮೇಲೆ ಪಟ್ಟಿಯಂತೆ ಏನೋ ತೇಲುತ್ತಿತ್ತು. ಹತ್ತಿರ ಹೋದರೆ ಮಿಡತೆ, ರೆಕ್ಕೆಯಿರುವೆ, ಗುಲಗಂಜಿ ಹುಳ, ಕಡ್ಡಿಯಂಥ ಹಸಿರು ತಿಗಣೆ. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಇವು ಸಮುದ್ರದಲ್ಲೇ ಹುಟ್ಟಿ ಬೆಳೆಯುವ ಕೀಟಗಳೆಂದು ಹೆಡ್ಮಾಸ್ಟರು ಸಾರಿದರು.

ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ, "ಇಲ್ಲ ಒಡೆಯಾ, ಇವು ನಿಮ್ಮ ಘಟ್ಟದ ಮೇಲಿನವು. ಬೆಳಗಿನ ಗಾಳಿ ತಂದು ಹಾಕ್ತದೆ" ಎಂದ.

ಅವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲವಾದ್ದರಿಂದ ಆ ಮಾತು ವಿಜ್ಞಾನವಾಗಲಿಲ್ಲ. ನಾನು ಆಗಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ನನ್ನ ಕೆಲಸ ಬೇರೆ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್ಮಾಸ್ಟರು ಹೇಳಿದ್ದೇ ಸರಿಯೆಂದು ತಲೆಯಾಡಿಸಿದೆ.

ರಜೆ ಮುಗಿದ ವಾರವೇ ಶಾಲೆಯಲ್ಲಿ ವಸ್ತುಪ್ರದರ್ಶನ. ಕಡಲಿನಿಂದ ಬಾಚಿ ತಂದಿದ್ದ ಹುಳಗಳು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಗಣ್ಯರಂತೆ ಕೂತವು. 'ಸಮುದ್ರವಾಸಿ ಕೀಟಗಳು' ಎಂಬ ಚೀಟಿ ಬರೆದವನು ನಾನೇ.

ಗೇಣಿಗೆ ಗದ್ದೆ ಮಾಡುತ್ತಿದ್ದ ಹೆಂಗಸೊಬ್ಬರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಸಿರು ತಿಗಣೆಯತ್ತ ಬೆರಳು ತೋರಿಸಿದರು.

"ಮಾಷ್ಟ್ರೇ, ಇದು ನಮ್ಮ ಗದ್ದೆ ಹುಳ ಅಲ್ದಾ? ತೆನೆ ಹಾಲು ಕುಡ್ದು ಜೊಳ್ಳು ಮಾಡದು ಇದೇಯ."

ಹೆಡ್ಮಾಸ್ಟರು ನಕ್ಕು, ವ್ಯತ್ಯಾಸ ವಿವರಿಸುವಂತೆ ನನಗೆ ಅಪ್ಪಣೆ ಕೊಟ್ಟರು. ನಾನು ಮೀಸೆ, ಕಾಲು, ರೆಕ್ಕೆ ಎಂದು ಏನೇನೋ ಹೇಳಿದೆ. ಆಕೆ ವಾದಿಸಲಿಲ್ಲ. ಮರುದಿನ ಬಾಳೆಲೆಯ ಪೊಟ್ಟಣದಲ್ಲಿ ಜೀವಂತ ಹುಳ ತಂದು ಬಾಟಲಿಯ ಪಕ್ಕದಲ್ಲೇ ಬಿಚ್ಚಿದರು. ಕೋಣೆಯೆಲ್ಲ ತಿಗಣೆಯ ನಾತ. ಹೆಡ್ಮಾಸ್ಟರಿಗೆ ತಟಕ್ಕನೆ ಏನೋ ತುರ್ತು ಕೆಲಸ ನೆನಪಾಗಿ ಹೊರಗೆ ಹೋದರು.

ನನಗೆ ನಾಚಿಕೆಯಾಯಿತು. ಚೀಟಿ ಕಿತ್ತೆ. ಗಾಳಿ ಇವನ್ನು ಘಟ್ಟ ದಾಟಿಸಿ ಕಡಲಿಗೆ ಒಯ್ಯುತ್ತದೆಂದು, ದೋಣಿಯವನಿಂದ ಕೇಳಿದ್ದನ್ನೇ ಆಕೆಗೆ ಹೇಳಿದೆ.

ಆಕೆ ಬಾಳೆಲೆ ಮಡಚುತ್ತ ಕೇಳಿದರು. "ಹೊತ್ಕಂಡು ಹೋಗದಾದ್ರೆ ಎಲ್ಲಾನೂ ಹೋಗ್ಬೋದಿತ್ತಲ್ಲ. ಅರ್ಧ ಯಾಕೆ ನಮಗೆ ಬಿಡ್ತು?"

ಗೊತ್ತಿಲ್ಲ ಎಂದೆ. ಮೇಷ್ಟ್ರಾದ ಮೇಲೆ ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು.