ಹೂಂ ಅನ್ನದ ಗಾಜು

ಅಮ್ಮನ ಅಕ್ಕ, ನನ್ನ ದೊಡ್ಡವ್ವ, ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ನಿವೃತ್ತಿಯ ನಂತರ ನವನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಈಗ ಕಣ್ಣು ಮಂಜು. ಫೋನನ್ನು ಮುಖದ ಹತ್ತಿರ ಹಿಡಿದರೆ ದೊಡ್ಡ ಅಕ್ಷರಗಳಷ್ಟೇ ಕಾಣುತ್ತವೆ.

ಹೋದ ತಿಂಗಳು, ಕಚೇರಿಯಲ್ಲಿ ವರ್ಷಗಟ್ಟಲೆ ಅವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳತಿಯ ಗಂಡ ತೀರಿಕೊಂಡರು. ಗೆಳತಿ ಯಾರು ಕರೆ ಮಾಡಿದರೂ ಎತ್ತುತ್ತಿರಲಿಲ್ಲ. ದೊಡ್ಡವ್ವ ಅವಳಿಗೆ ನಾಲ್ಕು ಸಾಲು ಬರೆದು ಕಳಿಸಲು ಕುಳಿತಳು.

“ನೀ ಹೇಳು, ನಾ ಬರೀತೇನಿ,” ಎಂದೆ.

“ಬ್ಯಾಡವಾ. ನಿನ್ನ ಮುಂದ ಹೇಳೂ ಮಾತಲ್ಲ.”

“ಹಂಗಾರ ಫೋನಿಗೇ ಹೇಳು. ಅದ ಬರಕೊಂತೈತಿ.”

“ಓಣಿ ಮಂದಿಗೆಲ್ಲಾ ಕೇಳ್ಲಿ ಅಂತೀಯೇನ?”

ನಾನು ಮುಂದೆ ಒತ್ತಾಯಿಸಲಿಲ್ಲ. ನಾನೂ ಫೋನಿನಲ್ಲಿ ಮಾತಾಡಲು ಮಾಳಿಗೆ ಹತ್ತುವವಳೇ.

ಅವಳು ತಾನೇ ಒತ್ತತೊಡಗಿದಳು. ಅಕ್ಷರ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯದು; ಅನುಮಾನದಿಂದ ಇನ್ನೊಮ್ಮೆ ಒತ್ತುವಳು. ಸಾಲಿನ ತುಂಬ ಜೋಡಿ ಅಕ್ಷರಗಳು. ಅಳಿಸುವುದು, ಮತ್ತೆ ಶುರು ಮಾಡುವುದು. ಮೂರನೆಯ ದಿನ ಫೋನನ್ನು ಮಗುಚಿಟ್ಟಳು.

“ಟೈಪ್‌ರೈಟರಿನ ಕೀಲಿ ಒಳಗ ಹೋಗ್ತಿತ್ತು, ತಿಳೀತಿತ್ತು. ಇದು ಗ್ವಾಡಿಗೆ ಕಥಿ ಹೇಳಿದಂಗ. ಹೂಂ ಅನ್ನವರ ಇಲ್ಲ.”

ನಮ್ಮ ಮನೆಯಲ್ಲಿ ಕಥೆ ಕೇಳುವವರು ಹೂಂಗುಟ್ಟಲೇಬೇಕು. ಚಿಕ್ಕವಳಿದ್ದಾಗ ನಾನು ಮರೆತರೆ ದೊಡ್ಡವ್ವ ರಾಜನನ್ನು ನಡುಕಾಡಿನಲ್ಲೇ ಬಿಟ್ಟು ಮಗ್ಗಲಾಗಿಬಿಡುತ್ತಿದ್ದಳು.

ಆಗ ಹೊಳೆಯಿತು. ಫೋನು ತಂದ ದಿನ, ಅಕ್ಷರ ಒತ್ತಿದಾಗಿನ ಕಂಪನವನ್ನು ಬಂದ್ ಮಾಡಿಟ್ಟವಳು ನಾನೇ. ನನ್ನ ಫೋನಿನಲ್ಲೂ ಅದಿಲ್ಲ. ಬೇಡದ ಕಿರಿಕಿರಿ ಎಂದುಕೊಂಡಿದ್ದೆ. ಅವಳನ್ನು ಕೇಳಿರಲೂ ಇಲ್ಲ. ತಪ್ಪೊಪ್ಪಿಕೊಂಡು ಮತ್ತೆ ಹಚ್ಚಿದೆ, ಪೂರ್ತಿ ಏರಿಸಿ.

“ಅಯ್ಯ, ಇದು ಹೂಂ ಅಂದಂಗ ಅಲ್ಲವಾ, ಬೈದಂಗ!”

ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆ. ಬೆರಳ ತುದಿಗೆ ಮಾತ್ರ ತಿಳಿಯುವ, ಪಕ್ಕದಲ್ಲಿದ್ದ ನನಗೂ ಕೇಳಿಸದ ಮೆಲ್ಲನೆಯ ತಟ್ಟು ಉಳಿದಾಗ ಅವಳು ನನ್ನ ಕೈಯನ್ನು ಸರಿಸಿದಳು.

“ಹಾಂ, ಇಷ್ಟ ಇರ್ಲಿ. ನೀ ಈಗ ಏಳು.”

ಮಧ್ಯಾಹ್ನವಿಡೀ ಬರೆದಳು. ಕಳಿಸುವ ಗುರುತು ಸಿಗದೆ ಕರೆದಾಗ, ಅವಳ ಬೆರಳು ಹಿಡಿದು ಮೂಲೆಯ ಬಾಣದ ಮೇಲಿಟ್ಟೆ. ಮೇಲಿನ ಸಾಲುಗಳತ್ತ ಕಣ್ಣು ಹಾಯಿಸಲಿಲ್ಲ. ಒತ್ತಿದಳು.

“ಓದಿದೇನ?”

“ಇಲ್ಲ.”

“ಒಂದೆರಡು ತಪ್ಪು ಉಳದಿರಬೇಕು. ಇರ್ಲಿ ಬಿಡು. ನಾ ತಪ್ಪು ಹೊಡದದ್ದು ನೋಡಿ ಆಕಿ ಸ್ವಲ್ಪರ ನಗ್ಲಿ.”