ದಪ್ಪ ತಂತಿಯೇ ಬೇಕೆಂದ ದೊಡ್ಡಮ್ಮ

ಹೊಸ ತಂತಿ ಹಾಕಿದ ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡು ಜಾರಿಸಿ ನುಡಿಸತೊಡಗಿದ ದೊಡ್ಡಮ್ಮ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನನಗೆ ರೇಗಿತು. ಅಪರೂಪಕ್ಕೆ ಹೊಳಲ್ಕೆರೆಗೆ ಹೋಗಿದ್ದ ನಾನು ಅವರನ್ನು ಚಿತ್ರದುರ್ಗಕ್ಕೆ ಕರೆದೊಯ್ದು ಕೊಡಿಸಿದ ತಂತಿ ಅದು. ಅಂಗಡಿಯಲ್ಲಿ ಅವರು ಎಲ್ಲಕ್ಕಿಂತ ದಪ್ಪ ತಂತಿಯನ್ನೇ ಮತ್ತೆ ಮತ್ತೆ ಮುಟ್ಟಿ ತೋರಿಸಿದ್ದರು.

“ಈ ವಯಸ್ಸಲ್ಲಿ ಅದನ್ನ ಮೀಟಾಕೆ ಆಗ್ತೈತಾ? ಇವರಿಗೆ ಒಂದೂ ತಿಳಿಯಲ್ಲ, ತೆಳ್ಳಂದೇ ಕೊಡ್ರಿ” ಎಂದು ನಾನು ಎಲ್ಲರೆದುರೇ ಅಂಗಡಿಯವರಿಗೆ ಹೇಳಿದ್ದೆ. ದೊಡ್ಡಮ್ಮ ದಪ್ಪ ತಂತಿಯಿಂದ ಕೈ ತೆಗೆದಿದ್ದರು. ಒಪ್ಪಿಕೊಂಡರು ಅಂದುಕೊಂಡಿದ್ದೆ.

ಈಗ ಅವರು ನನ್ನ ಅಂಗೈ ಎಳೆದು ಗಿಟಾರಿನ ಮೈಮೇಲೆ ಇಟ್ಟು, ಒಂದು ತಂತಿ ಮೀಟಿದರು.

“ಸಾಲ್ದು ಕಣಮ್ಮ. ನನ್ ಕಿವಿ ಪೂರ್ತಿ ಮಂದ ಆಗೈತೆ, ಯಾರಿಗೂ ಹೇಳಿಲ್ಲ. ದಪ್ಪ ತಂತಿ ಆದ್ರೆ ಅದುರೋದು ತೊಡೆಗೆ ಬರ್ತೈತೆ. ಈಗ ನಾನು ಕೇಳಾದು ಅದ್ರಾಗೇ.”

ಅಂಗಡಿಯಲ್ಲಿ ನಾನು ಆಡಿದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಅಷ್ಟು ಹೊತ್ತೂ ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.